ಟ್ಯಾಂಕ್‌ಗಳ ವಿಕಾಸದ ಪ್ರಬಂಧಕ್ಕೆ ಕವಚ, ಗನ್ ಹೋಲಿಸಲು ಯಾವ ಐದು ಟ್ಯಾಂಕ್ ಆರಿಸಲಿ? ಕೊನೆಯ ಅಧ್ಯಾಯದಲ್ಲಿ ಉಕ್ರೇನಿನ ಡ್ರೋನ್ ದಾಳಿ ತೋರಿಸಿ 'ಟ್ಯಾಂಕಿನ ಕಾಲ ಮುಗಿಯಿತು' ಅಂತ ಬರೆಯಬೇಕೆಂದಿದ್ದೇನೆ.

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಹಳೇ ಎಕ್ಸೆಲ್ ಹಾಳೆ ಕಣ್ಣಮುಂದೆ ಬಂತು. ಕವಚದ ದಪ್ಪ, ಗನ್ನಿನ ಗಾತ್ರ, ತೂಕ, ವೇಗ. ಇದೇ ನಾಲ್ಕು ಕಾಲಂ ಇಟ್ಟುಕೊಂಡು ಎಂ.ಎ. ಪ್ರಬಂಧ ಬರೆದವನು ನಾನು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದು ಬಿದ್ದುಹೋಯಿತು, ಒಂದು ವರ್ಷ ಕೈಬಿಟ್ಟಿತು.

1940ರ ಫ್ರಾನ್ಸ್ ಅಧ್ಯಾಯದಲ್ಲಿ ಫ್ರೆಂಚರ ಶಾರ್ ಬಿ1 ಬಿಸ್ ಟ್ಯಾಂಕ್‌ಗೆ ಮೊದಲ ಸ್ಥಾನ ಕೊಟ್ಟಿದ್ದೆ. 60 ಮಿ.ಮೀ. ಕವಚ, ಒಡಲಲ್ಲಿ 75 ಮಿ.ಮೀ. ಗನ್, ಮೇಲೆ ಟರೆಟ್‌ನಲ್ಲಿ (ಸುತ್ತ ತಿರುಗುವ ಗನ್ ಗೋಪುರ) 47 ಮಿ.ಮೀ.ನದು ಇನ್ನೊಂದು. ಎದುರಿಗಿದ್ದ ಜರ್ಮನ್ ಪ್ಯಾಂಜರ್ 3ಕ್ಕೆ 30 ಮಿ.ಮೀ. ಕವಚ, 37 ಮಿ.ಮೀ. ಗನ್ ಅಷ್ಟೆ. ಮೇ 16ರಂದು ಸ್ಟೋನ್ ಎಂಬ ಹಳ್ಳಿಯಲ್ಲಿ ಇಂಥ ಒಂದೇ ಶಾರ್ 13 ಜರ್ಮನ್ ಟ್ಯಾಂಕ್‌ಗಳನ್ನು ಹೊಡೆದು, ತಾನು 140 ಏಟು ತಿಂದೂ ಹಿಂದಿರುಗಿತ್ತು. ಇನ್ನೇನು ಪುರಾವೆ ಬೇಕು ಅಂದುಕೊಂಡಿದ್ದೆ.

ಪರೀಕ್ಷಕರು ಕೇಳಿದ್ದು ಒಂದೇ: "ಟರೆಟ್‌ನಲ್ಲಿ ಎಷ್ಟು ಜನ ಕೂರುತ್ತಿದ್ದರು?" ನನ್ನ ಬಾಯಿ ಕಟ್ಟಿತು. ಮೊದಲ ಕರಡಿನಲ್ಲಿ ಐದನೇ ಕಾಲಂ ಇತ್ತು, 'ಸಿಬ್ಬಂದಿ' ಅಂತ. ಶಾರ್‌ಗೆ 4, ಪ್ಯಾಂಜರ್‌ಗೆ 5. ಪುಟದ ಅಗಲಕ್ಕೆ ಪಟ್ಟಿ ಹಿಡಿಸಲಿಲ್ಲವೆಂದು ನನ್ನ ಕೈಯಾರೆ ಅದನ್ನು ಅಳಿಸಿದ್ದೆ. ನಾಲ್ಕಾದರೇನು, ಐದಾದರೇನು ಅನಿಸಿತ್ತು. ಉಳಿಸಿಕೊಂಡಿದ್ದರೆ, ಆ ಜನ ಎಲ್ಲೆಲ್ಲಿ ಕೂರುತ್ತಿದ್ದರು ಅಂತ ಒಮ್ಮೆಯಾದರೂ ಹುಡುಕುತ್ತಿದ್ದೆ. ಶಾರ್‌ನ ಟರೆಟ್‌ನಲ್ಲಿ ಕಮಾಂಡರ್ ಒಬ್ಬನೇ. ಶತ್ರುವನ್ನು ಹುಡುಕುವವನು ಅವನೇ, ಚಾಲಕನಿಗೆ ದಾರಿ ಹೇಳುವವನು ಅವನೇ, 47ರ ಗನ್ನಿಗೆ ಶೆಲ್ ತುಂಬಿ, ಗುರಿಯಿಟ್ಟು, ಹೊಡೆಯುವವನೂ ಅವನೇ. ಗುರಿ ನೋಡಲು ಕಣ್ಣು ಒತ್ತಿದನೆಂದರೆ ಸುತ್ತ ಏನಾಗುತ್ತಿದೆ ಅನ್ನುವುದೇ ಅವನಿಗೆ ಕಾಣದು. ಪ್ಯಾಂಜರ್ 3ರ ಟರೆಟ್‌ನಲ್ಲಿ ಮೂವರು. ಒಬ್ಬ ತುಂಬುತ್ತಾನೆ, ಒಬ್ಬ ಹೊಡೆಯುತ್ತಾನೆ, ಕಮಾಂಡರ್ ಬರೀ ನೋಡುತ್ತಾನೆ, ಕಂಡದ್ದನ್ನು ರೇಡಿಯೋದಲ್ಲಿ ಉಳಿದವರಿಗೆ ಹೇಳುತ್ತಾನೆ.

ಹಾಗಾಗಿ ಐದು ಟ್ಯಾಂಕ್ ಆರಿಸಲೇಬೇಡಿ. ಕಮಾಂಡರನ ಆಸನವೊಂದನ್ನೇ ಹಿಡಿದು, ಟ್ಯಾಂಕ್ ಮೊದಲು ಯುದ್ಧಕ್ಕಿಳಿದ 1916ರಿಂದ ಇಲ್ಲಿವರೆಗೆ ಬನ್ನಿ. ಸೋವಿಯತ್ ಟಿ-34ರ ಇಳಿಜಾರು ಕವಚವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದರಲ್ಲೂ ಕಮಾಂಡರನೇ ಗನ್ ಹೊಡೆಯಬೇಕಿತ್ತು. 1944ರಲ್ಲಿ ಟಿ-34-85 ರಣರಂಗಕ್ಕೆ ಬಂದಮೇಲೆಯೇ ಟರೆಟ್‌ನಲ್ಲಿ ಮೂರನೆಯವನಿಗೆ ಜಾಗವಾಯಿತು. 1991ರ ಫೆಬ್ರವರಿ 26ರಂದು ಇರಾಕಿನ ಮರಳುಗಾಳಿಯಲ್ಲಿ ಅಮೆರಿಕದ ಏಬ್ರಾಮ್ಸ್ ಟ್ಯಾಂಕ್‌ಗಳು ಶಾಖವನ್ನು ಹಿಡಿದು ತೋರಿಸುವ ಥರ್ಮಲ್ ಸೈಟ್‌ನಿಂದ ಇರಾಕಿ ಸೇನೆಯ ಟಿ-72 ಟ್ಯಾಂಕ್‌ಗಳನ್ನು ಮೊದಲು ಕಂಡವು, ಮೊದಲು ಹೊಡೆದವು. ಉಕ್ರೇನಿನಲ್ಲಿ ಈಗ ಮೊದಲು ನೋಡುವುದು ಮೇಲೆ ಹಾರುವ ಡ್ರೋನ್, ಬಂದು ಹೊಡೆಯುವುದೂ ಕವಚ ತೆಳುವಿರುವ ನೆತ್ತಿಗೆ.

ಇದನ್ನು ಹಿಡಿದು 'ಟ್ಯಾಂಕಿನ ಕಾಲ ಮುಗಿಯಿತು' ಅಂತ ಕೊನೆಯ ಅಧ್ಯಾಯ ಬರೆಯುವುದಾಗಿ ಹೇಳಿದ್ದೀರಿ. ನಾನು ಖಂಡಿತ ಒಪ್ಪುವುದಿಲ್ಲ. 1973ರಲ್ಲಿ ಸಿನಾಯ್‌ನಲ್ಲಿ ಈಜಿಪ್ಟಿನ ಕಾಲಾಳುಗಳು ಸ್ಯಾಗರ್ ಎಂಬ ಟ್ಯಾಂಕ್ ನಿರೋಧಕ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕ್‌ಗಳನ್ನು ಸುಟ್ಟಾಗಲೂ ಇದೇ ಮಾತು ಎದ್ದಿತ್ತು. ಟ್ಯಾಂಕನ್ನು ಒಂಟಿಯಾಗಿ ನುಗ್ಗಿಸದೆ ಕಾಲಾಳು, ಫಿರಂಗಿದಳದ ಜೊತೆ ಕಳಿಸಿದಾಗ ಅದು ಉಳಿಯಿತು.

ಪಟ್ಟಿ ಬೇಕೇ ಬೇಕು ಅಂತ ಗೈಡ್ ಪಟ್ಟು ಹಿಡಿದರೆ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ಪ್ರಿಂಟ್ ಹಾಕಿ. ಸಿಬ್ಬಂದಿ ಕಾಲಂ ಮಾತ್ರ ಅಳಿಸಬೇಡಿ.