ಕ್ಯಾನ್ಸರ್ ರೋಗಿಗೆ ಚೆನ್ನಾಗಿ ತಿನ್ನಿಸಿದರೆ ಗಡ್ಡೆಯೂ ಬೆಳೆಯುತ್ತದೆಯೇ?

ನಿಮ್ಮ ಮಾವನವರಿಗೆ ಗಂಟಲ ಕ್ಯಾನ್ಸರ್, ಮುಂದಿನ ವಾರ ರೇಡಿಯೇಷನ್ ಶುರು. ಡಾಕ್ಟರು ತೂಕ ಇಳಿಯದಂತೆ ನೋಡ್ಕೊಳ್ಳಿ ಅಂದಿದ್ದಾರೆ, ನೆಂಟರು ತಿನ್ನಿಸಿದರೆ ಗಡ್ಡೆ ಬೆಳೆಯುತ್ತೆ ಅಂತಿದ್ದಾರೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಡಾಕ್ಟರ ಮಾತು ಕೇಳಿ. ಊಟದಿಂದ ಗಡ್ಡೆ ಬೆಳೆಯುತ್ತೆ ಅನ್ನೋದಕ್ಕೆ ಆಧಾರವಿಲ್ಲ. ಉಪವಾಸ ಹಾಕಿದರೆ ಸೊರಗೋದು ಮನುಷ್ಯ, ಗಡ್ಡೆಯಲ್ಲ.

ನಾನು ಡಾಕ್ಟರಲ್ಲ, ಚಳ್ಳಕೆರೆ ಕಡೆಯವನು. ಅಪ್ಪನಿಗೆ ಬಾಯಿ ಕ್ಯಾನ್ಸರ್ ಆದಾಗ ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಏಳು ವಾರ ಇದ್ದೆವು. ಅಪ್ಪ ಶೇಂಗಾ ಮಂಡಿಯಲ್ಲಿ ತೂಕ ಹಾಕುತ್ತಿದ್ದವರು. ಚೀಲ ಎತ್ತಿದ ಕೂಡಲೇ ಎರಡು ಕೆಜಿ ಕಮ್ಮಿ ಇದೆ ಅನ್ನುತ್ತಿದ್ದರು. ಅವರ ಮೈಯೇ ನಾಲ್ಕು ತಿಂಗಳಲ್ಲಿ 62ರಿಂದ 54 ಕೆಜಿಗೆ ಇಳಿದದ್ದು ಮಾತ್ರ ನಮಗ್ಯಾರಿಗೂ ಗೊತ್ತಾಗಲಿಲ್ಲ. ಪಂಚೆ ಉಡುವವರಿಗೆ ಬೆಲ್ಟಿನ ತೂತು ಇರಲ್ಲ ನೋಡಿ. ಮೊದಲು ತೋರಿಸಿದ ಆಸ್ಪತ್ರೆಯಲ್ಲೂ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿದರೇ ಹೊರತು ತೂಕ ಯಾರೂ ಕೇಳಲಿಲ್ಲ.

ಆರು ತಿಂಗಳಲ್ಲಿ ತೂಕ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರುಗಳು ಅದನ್ನು ಗಂಭೀರವಾಗಿ ತಗೋತಾರೆ. ಅಪ್ಪನದು ಹೆಚ್ಚುಕಮ್ಮಿ 13 ಆಗಿತ್ತು. ಇದೇನು ಹೊಸ ವಿಷಯವಲ್ಲ. 1980ರಲ್ಲೇ ಅಮೆರಿಕದಲ್ಲಿ 3,047 ರೋಗಿಗಳ ಲೆಕ್ಕ ತೆಗೆದು, ಕಿಮೋಗೆ (ಕ್ಯಾನ್ಸರ್‌ನ ಔಷಧಿ ಚಿಕಿತ್ಸೆಗೆ) ಮೊದಲೇ ತೂಕ ಕಳೆದುಕೊಂಡವರು ಹೆಚ್ಚಿನ ಬಗೆಯ ಕ್ಯಾನ್ಸರ್‌ಗಳಲ್ಲಿ ಕಡಿಮೆ ಕಾಲ ಬದುಕಿದ್ದನ್ನು ತೋರಿಸಿದ್ದರು. ಮೈಯಲ್ಲಿ ಮಾಂಸ ಕರಗಿದರೆ ಕಿಮೋ ತಡೆದುಕೊಳ್ಳೋಕಾಗಲ್ಲ, ಡೋಸ್ ಇಳಿಸಬೇಕಾಗುತ್ತೆ, ಇಲ್ಲವೇ ಮುಂದಕ್ಕೆ ಹಾಕಬೇಕಾಗುತ್ತೆ. ಸೋಂಕು ಬೇಗ ತಗಲುತ್ತೆ. ರೇಡಿಯೇಷನ್‌ಗೆ ತಲೆ ಅಲುಗಾಡದಂತೆ ಮುಖದ ಅಳತೆಗೆ ಸರಿಯಾಗಿ ಮಾಸ್ಕ್ ಮಾಡಿರುತ್ತಾರೆ. ಕೆನ್ನೆ ಬತ್ತಿದರೆ ಅದು ಸಡಿಲವಾಗುತ್ತೆ. ಅಪ್ಪನಿಗೆ ಮೂರನೇ ವಾರ ಹೊಸದು ಮಾಡಬೇಕಾಯಿತು.

ದಪ್ಪ ಇರುವವರಿಗೆ ಚಿಂತೆಯಿಲ್ಲ ಅಂದುಕೊಳ್ಳಬೇಡಿ. ಕೊಬ್ಬಿನ ಮರೆಯಲ್ಲೇ ಮಾಂಸ ಕರಗುತ್ತಿರುತ್ತೆ. ಇನ್ನು ರಿಪೋರ್ಟಿನಲ್ಲಿ ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನ್) ಕಮ್ಮಿ ಬಂದರೆ ಊಟದ್ದೇ ತಪ್ಪು ಅಂತಲೂ ಅಲ್ಲ, ಒಳಗಿನ ಉರಿಯೂತದಿಂದಲೂ ಅದು ಇಳಿಯುತ್ತೆ.

ನಾವು ಮಾಡಿದ ದೊಡ್ಡ ತಪ್ಪು ಅಂದರೆ ಹೊಟ್ಟೆ ತುಂಬಿದರೆ ಸಾಕು ಅಂದುಕೊಂಡಿದ್ದು. ಟೀಯಲ್ಲಿ ನೆನೆಸಿದ ಮಂಡಕ್ಕಿ, ನೀರು ನೀರಾದ ರಾಗಿ ಅಂಬಲಿ. ಸಲೀಸಾಗಿ ಇಳಿಯುತ್ತಿತ್ತು, ತೂಕವೂ ಇಳಿಯಿತು! ಆಮೇಲೆ ಡಯಟೀಷಿಯನ್ ಮೇಡಂ ಲೆಕ್ಕ ಹೇಳಿಕೊಟ್ಟರು: ಒಂದು ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನ್. ಅಪ್ಪನಿಗೆ ಕಮ್ಮಿ ಅಂದರೂ 54 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6. ಆಮೇಲೆ ಅಂಬಲಿ ಹೋಗಿ ಹಾಲಲ್ಲಿ ಬೇಯಿಸಿದ ಗಟ್ಟಿ ರಾಗಿ ಗಂಜಿ ಬಂತು, ಅದಕ್ಕೆ ಹುರಿದ ಶೇಂಗಾದ ನುಣ್ಣನೆ ಪುಡಿ, ಒಂದು ಚಮಚ ಬೆಣ್ಣೆ. ದಾವಣಗೆರೆಯಲ್ಲಿದ್ದೂ ಬೆಣ್ಣೆ ದೋಸೆ ತಿನ್ನೋಕಾಗಲಿಲ್ಲ ಅಂತ ಅಪ್ಪ ಬೈಯುತ್ತಿದ್ದರು, ಬೆಣ್ಣೆಯಾದರೂ ಹೋಯಿತಲ್ಲ. ಬಾಯಿ ಹುಣ್ಣಾದಾಗ ಖಾರ, ಹುಳಿ ಬಂದ್. ಎರಡು ಗಂಟೆಗೊಮ್ಮೆ ಒಂದೊಂದು ಲೋಟ. ಮಾವನವರಿಗೆ ಶುಗರ್ ಅಥವಾ ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಕೇಳಿಕೊಳ್ಳಿ.

ನುಂಗೋಕೇ ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ಊಟ ಇಳಿಸೋ ಟ್ಯೂಬ್ ಹಾಕ್ತಾರೆ. ಅಪ್ಪ ಟ್ಯೂಬ್ ಅಂದರೆ ಕೊನೇಗಾಲ ಅಂದುಕೊಂಡು ಹತ್ತು ದಿನ ಹಟ ಮಾಡಿದರು. ಅಷ್ಟರಲ್ಲಿ ಇನ್ನೂ 3 ಕೆಜಿ ಹೋಯಿತು. ಚಿಕಿತ್ಸೆ ಮುಗಿದ ಮೇಲೆ ತೆಗೆದರು, ಈಗ ಮುದ್ದೆ ನುಂಗುತ್ತಾರೆ. ಒಂದು ಎಚ್ಚರಿಕೆ: ವಾರಗಟ್ಟಲೆ ಏನೂ ತಿನ್ನದವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಜೀವಕ್ಕೇ ಅಪಾಯ, ಡಾಕ್ಟರು ಹೇಳಿದಷ್ಟೇ ಏರಿಸಿ.

ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾವನವರ ತೂಕ ನೋಡಿ ಬರೆದಿಡಿ. ಪ್ರತಿ ವಾರ ಅದೇ ಯಂತ್ರದಲ್ಲಿ ನೋಡಿ, ಆ ಚೀಟಿಯನ್ನು ರಿಪೋರ್ಟುಗಳ ಮೇಲೇ ಇಟ್ಟು ಡಾಕ್ಟರಿಗೆ ಕೊಡಿ.