ಓದುಗರ ಪ್ರಶ್ನೆಗಳಿಗೆ ಉತ್ತರ: ಔಷಧದೊಳಗಿನ ಗಿಡ

ಸಸ್ಯಮೂಲದ ಪದಾರ್ಥಗಳನ್ನು ಔಷಧ ತಯಾರಿಕೆಯಲ್ಲಿ ಬಳಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಬರೆದಿದ್ದೇನೆ.

ಪ್ರಶ್ನೆ: ಗಿಡದಲ್ಲಿಯೇ ಔಷಧಗುಣವಿದೆ ಎಂದಮೇಲೆ ಅದನ್ನು ಹಾಗೆಯೇ ಸೇವಿಸುವ ಬದಲು ದ್ರಾವಕಗಳಲ್ಲಿ ನೆನೆಸಿ, ಸೋಸಿ, ಒಂದೇ ಒಂದು ಅಂಶವನ್ನು ಬೇರ್ಪಡಿಸುವ ಅಗತ್ಯವೇನು? ಇದರಿಂದ ಗಿಡದ ಸಮಗ್ರ ಗುಣ ನಷ್ಟವಾಗುವುದಿಲ್ಲವೇ? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಫಾಕ್ಸ್‌ಗ್ಲೋವ್ ಎಂಬ, ಗಂಟೆಯಾಕಾರದ ನೇರಳೆ ಹೂ ಬಿಡುವ ಗಿಡವೊಂದಿದೆ. ಮೈಯಲ್ಲಿ ನೀರು ತುಂಬಿ ಊದಿಕೊಂಡ ರೋಗಿಗಳಿಗೆ ಮನೆಮದ್ದಾಗಿ ಕೊಡುತ್ತಿದ್ದ, ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳ ಮಿಶ್ರಣವೊಂದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಗಮನಕ್ಕೆ ಬಂದಾಗ, ಅದರಲ್ಲಿ ಕೆಲಸ ಮಾಡುತ್ತಿರುವುದು ಈ ಒಂದೇ ಗಿಡವೆಂದು ಅವರು ಗುರುತಿಸಿದರು. ವರ್ಷಗಳ ಕಾಲ ರೋಗಿಗಳನ್ನು ಗಮನಿಸಿ 1785ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಆ ಬರಹದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಗಿಡದ ಹೊಗಳಿಕೆಯಲ್ಲ, ಅಳತೆಯ ಚಿಂತೆ. ಯಾವ ಕಾಲದಲ್ಲಿ ಕಿತ್ತ ಎಲೆ, ಎಷ್ಟು ಒಣಗಿಸಿದ ಎಲೆ, ಎಷ್ಟು ತೂಕದ ಪುಡಿ ಎಂಬುದನ್ನು ಅವರು ಬಿಡದೆ ವಿಚಾರಿಸಿದ್ದಾರೆ. ಗುಣಪಡಿಸುವ ಪ್ರಮಾಣಕ್ಕೂ ಹೃದಯದ ಬಡಿತವನ್ನು ಕೆಡಿಸುವ ಪ್ರಮಾಣಕ್ಕೂ ನಡುವಿನ ಅಂತರ ತೀರಾ ಕಡಿಮೆ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಇದೇ ವರ್ಗದ ಗಿಡದಿಂದ 1930ರಲ್ಲಿ ಬೇರ್ಪಡಿಸಿದ ಡಿಗಾಕ್ಸಿನ್ ಇಂದಿಗೂ ಹೃದ್ರೋಗಿಗಳಿಗೆ ಬಳಕೆಯಲ್ಲಿದೆ. ಅದರ ಸಾಮಾನ್ಯ ಮಾತ್ರೆಯಲ್ಲಿ ಇರುವುದು 0.25 ಮಿಲಿಗ್ರಾಂ ಔಷಧ. ಅಂದರೆ ಒಂದು ಗ್ರಾಂ ಡಿಗಾಕ್ಸಿನ್‌ನಿಂದ ನಾಲ್ಕು ಸಾವಿರ ಮಾತ್ರೆಗಳಾಗುತ್ತವೆ. ಇಷ್ಟು ಸೂಕ್ಷ್ಮವಾದ ಪ್ರಮಾಣವನ್ನು ಎಲೆಯ ಚಿಟಿಕೆಯಿಂದ ಅಳೆಯಲು ಸಾಧ್ಯವಿಲ್ಲ, ಏಕೆಂದರೆ ಬಿಸಿಲು, ಮಣ್ಣು, ಗಿಡದ ವಯಸ್ಸು, ಕೊಯ್ಲಿನ ಕಾಲ, ಒಣಗಿಸಿದ ಬಗೆ ಇವೆಲ್ಲವುಗಳಿಂದ ಎಲೆಯೊಳಗಿನ ಅಂಶ ಏರುಪೇರಾಗುತ್ತದೆ. ರಾಸಾಯನಿಕವಾಗಿ ಅಳೆಯುವ ಉಪಾಯ ದೊರೆಯುವ ಮೊದಲು, ಎಲೆಪುಡಿಯ ಒಂದೊಂದು ಕಂತಿನ ಶಕ್ತಿಯನ್ನು ಕಪ್ಪೆ, ಬೆಕ್ಕು, ಪಾರಿವಾಳಗಳ ಮೇಲೆ ಪರೀಕ್ಷಿಸಿ ನಿರ್ಧರಿಸುತ್ತಿದ್ದರು. ಅಂಶವನ್ನು ಬೇರ್ಪಡಿಸಿದ್ದರಿಂದ ಆದ ದೊಡ್ಡ ಲಾಭ ಇದೇ: ಇಂದು ನುಂಗಿದ ಮಾತ್ರೆಯಲ್ಲಿ ಎಷ್ಟಿದೆಯೋ ನಾಳಿನ ಮಾತ್ರೆಯಲ್ಲೂ ಅಷ್ಟೇ ಇರುತ್ತದೆ. ಜರ್ಮನಿಯ ತರುಣ ಔಷಧತಜ್ಞ ಫ್ರೆಡ್ರಿಕ್ ಸೆರ್ಟರ್ನರ್ 19ನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದರ ಹಿಂದೆಯೂ ಇದೇ ಕೊರಗು ಇತ್ತು. ಒಂದು ಅಫೀಮು ನೋವು ಇಳಿಸುತ್ತಿತ್ತು, ಇನ್ನೊಂದು ಇಳಿಸುತ್ತಿರಲಿಲ್ಲ, ಮತ್ತೊಂದು ಜೀವಕ್ಕೇ ಎರವಾಗುತ್ತಿತ್ತು.

ಆದರೆ ‘ಸಮಗ್ರ ಗುಣ’ ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಲವು ಅಂಶಗಳು ಕೂಡಿಯೇ ಕೆಲಸ ಮಾಡುವ ಸಾರಗಳೂ ಇವೆ. ಹಸಿರು ಚಹಾ ಎಲೆಯ ಸಾರದಿಂದ ಮಾಡಿದ ಮುಲಾಮೊಂದಕ್ಕೆ 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅದರಲ್ಲಿರುವುದು ಒಂದು ಅಣುವಲ್ಲ, ಕ್ಯಾಟೆಚಿನ್‌ಗಳೆಂಬ ಅಣುಗಳ ಒಂದು ಗುಂಪು. ಮಲಬದ್ಧತೆಗೆ ಬಳಸುವ ಸೋನಾಮುಖಿಯ ಮಾತ್ರೆಗಳನ್ನೂ ಅದರಲ್ಲಿ ಕೆಲಸ ಮಾಡುವ ಅಂಶಗಳಾದ ಸೆನ್ನೊಸೈಡ್‌ಗಳ ಪ್ರಮಾಣ ಅಳೆದೇ ತಯಾರಿಸುತ್ತಾರೆ. ಒಂದು ಅಂಶವಿರಲಿ, ಹತ್ತಿರಲಿ, ಅಳತೆಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಪ್ರಶ್ನೆ: ನಾನು ಸೇವಿಸುವ ಮಾತ್ರೆಯ ವಿವರಪಟ್ಟಿಯಲ್ಲಿ ಜೋಳದ ಪಿಷ್ಟ, ಸೆಲ್ಯುಲೋಸ್ ಎಂದೆಲ್ಲ ಬರೆದಿದೆ. ಸೆಲ್ಯುಲೋಸ್ ಎಂದರೆ ಮರದ ತಿರುಳಲ್ಲವೇ? ಇದು ಕಲಬೆರಕೆಯೇ? (ಒಬ್ಬ ಗೃಹಿಣಿ)

ಉತ್ತರ: ಕಲಬೆರಕೆಯಲ್ಲ, ನಿಶ್ಚಿಂತರಾಗಿರಿ. ಮರದ ತಿರುಳು ಎಂಬ ನಿಮ್ಮ ಊಹೆ ಮಾತ್ರ ಸರಿಯೇ. ಕಾಲು ಮಿಲಿಗ್ರಾಂ ಔಷಧವನ್ನು ಬೆರಳಿನಲ್ಲಿ ಹಿಡಿಯಲೂ ಆಗದು, ಆದ್ದರಿಂದ ಅದಕ್ಕೊಂದು ಒಡಲು ಬೇಕು. ಆ ಒಡಲಾಗುವ ಪದಾರ್ಥಗಳನ್ನು ಸಹದ್ರವ್ಯಗಳು ಎನ್ನುತ್ತೇವೆ. ಅವುಗಳಲ್ಲಿ ಹಲವು ಗಿಡಮರಗಳಿಂದಲೇ ಬರುತ್ತವೆ. ಮರದ ತಿರುಳನ್ನು ಆಮ್ಲದಿಂದ ಸಂಸ್ಕರಿಸಿ ಪಡೆಯುವ ನುಣುಪಾದ ಬಿಳಿ ಸೆಲ್ಯುಲೋಸ್ ಪುಡಿ, ಯಂತ್ರದ ಒತ್ತಡಕ್ಕೆ ಸಿಕ್ಕಾಗ ಚೆನ್ನಾಗಿ ಅಂಟಿಕೊಂಡು ಗಟ್ಟಿ ಬಿಲ್ಲೆಯಾಗುತ್ತದೆ. ಪಿಷ್ಟವೂ ಅದರ ರೂಪಾಂತರಗಳೂ ನೀರು ಹೀರಿ ಉಬ್ಬಿ ಹೊಟ್ಟೆಯಲ್ಲಿ ಆ ಬಿಲ್ಲೆಯನ್ನು ಒಡೆಯುತ್ತವೆ. ಹೊದಿಕೆಯಿಲ್ಲದ ಸಾಮಾನ್ಯ ಮಾತ್ರೆಯೊಂದನ್ನು ಉಗುರುಬೆಚ್ಚನೆಯ ನೀರಿಗೆ ಹಾಕಿ ನೋಡಿ. ಮೊದಲು ಅಂಚು ಒರಟಾಗುತ್ತದೆ, ಬಳಿಕ ಹೊಟ್ಟೆ ಉಬ್ಬಿ ಬಿರುಕು ಬಿಡುತ್ತದೆ, ಕೊನೆಗೆ ಮೋಡದಂತೆ ಹರಡಿ ತಳಕ್ಕೆ ಇಳಿಯುತ್ತದೆ. ಇಂಥ ಮಾತ್ರೆ ಹದಿನೈದು ನಿಮಿಷದೊಳಗೆ ಒಡೆದು ಹೋಗಬೇಕೆಂದು ಔಷಧಸಂಹಿತೆಗಳು, ಅಂದರೆ ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕೃತ ಗ್ರಂಥಗಳು, ಸಾಮಾನ್ಯವಾಗಿ ವಿಧಿಸುತ್ತವೆ. ಗಟ್ಟಿಯಾಗಿ ನಿಲ್ಲುವುದೂ ಬೇಕಾದಾಗ ಒಡೆಯುವುದೂ ಎರಡೂ ಸಸ್ಯದ ಪದಾರ್ಥಗಳಿಂದಲೇ ಸಾಧ್ಯವಾಗುತ್ತಿದೆ.

ಹಾಗೆಂದು ಸಹದ್ರವ್ಯಗಳೆಲ್ಲ ಯಾರಿಗೂ ಏನೂ ಮಾಡುವುದಿಲ್ಲ ಎಂದಲ್ಲ. ಗೋಧಿಯ ಪಿಷ್ಟವಿದ್ದರೆ ಗ್ಲುಟೆನ್ ಒಗ್ಗದವರು ವಿಚಾರಿಸಬೇಕು. ಪ್ಯಾಕ್ಲಿಟಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗದ ಕಾರಣ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ಕೊಡುವ ಪದ್ಧತಿಯಿದೆ. ಆ ದ್ರಾವಕವೇ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುವುದರಿಂದ ಮೊದಲೇ ಸ್ಟೀರಾಯ್ಡ್ ಮುಂತಾದ ಔಷಧಗಳನ್ನು ಕೊಟ್ಟಿರುತ್ತಾರೆ. ಇನ್ನು ಸಸ್ಯಮೂಲದ್ದೇ ಬೇಕೆನ್ನುವವರು ಕ್ಯಾಪ್ಸೂಲಿನ ಕವಚವನ್ನು ಗಮನಿಸಬೇಕು: ಜೆಲಟಿನ್ ಪ್ರಾಣಿಮೂಲದ್ದು, ಹೈಪ್ರೊಮೆಲೋಸ್ ಎಂದಿದ್ದರೆ ಅದು ಸೆಲ್ಯುಲೋಸಿನಿಂದ ಮಾಡಿದ್ದು.

ಪ್ರಶ್ನೆ: ಕಾರ್ಖಾನೆಗೆ ಬರುವ ಬೇರು, ತೊಗಟೆ ನಿಜವಾಗಿಯೂ ಅದೇ ಗಿಡದ್ದು ಎಂದು ಹೇಗೆ ತಿಳಿಯುತ್ತಾರೆ? ಪುಡಿಯಾದಮೇಲೆ ಎಲ್ಲವೂ ಒಂದೇ ಬಣ್ಣವಲ್ಲವೇ? (ಔಷಧಶಾಸ್ತ್ರದ ವಿದ್ಯಾರ್ಥಿನಿ)

ಉತ್ತರ: ಕಣ್ಣಿಗೆ ಒಂದೇ ಬಣ್ಣ, ಸೂಕ್ಷ್ಮದರ್ಶಕಕ್ಕೆ ಅಲ್ಲ. ಪುಡಿಯ ಒಂದು ಚಿಟಿಕೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಕ್ಲೋರಲ್ ಹೈಡ್ರೇಟ್ ದ್ರಾವಣ ಹನಿಸಿ ಮೆಲ್ಲನೆ ಕಾಯಿಸಿದರೆ ಮಬ್ಬು ಕರಗಿ ಜೀವಕೋಶಗಳ ಗೋಡೆಗಳು ತಿಳಿಯಾಗುತ್ತವೆ. ಎಲೆಯಾದರೆ ಪತ್ರರಂಧ್ರಗಳನ್ನು ಸುತ್ತುವರಿದ ಕೋಶಗಳ ಜೋಡಣೆ, ರೋಮಗಳ ಆಕಾರ. ತೊಗಟೆಯಾದರೆ ನಾರುಗಳ ದಪ್ಪ. ಬೇರಾದರೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಸೂಜಿಯಂತಿವೆಯೋ ನಕ್ಷತ್ರದಂತಿವೆಯೋ ಎಂಬುದು ಕಾಣುತ್ತದೆ. ಪಿಷ್ಟದ ಕಣಗಳು ಆ ದ್ರಾವಣದಲ್ಲಿ ಕರಗಿಹೋಗುವುದರಿಂದ ಅವನ್ನು ನೀರಿನಲ್ಲಿಟ್ಟು ಬೇರೆಯಾಗಿಯೇ ನೋಡಬೇಕು. ಸಿಂಕೋನಾ ತೊಗಟೆಯ ಸಾರಕ್ಕೆ ತೆಳುವಾದ ಗಂಧಕಾಮ್ಲ ಸೇರಿಸಿ ನೇರಳಾತೀತ ದೀಪದ ಕೆಳಗೆ ಹಿಡಿದಾಗ, ಅದುವರೆಗೆ ಮಣ್ಣುಬಣ್ಣದ ನೀರಿನಂತಿದ್ದ ದ್ರವ ತಟ್ಟನೆ ನೀಲಿಯಾಗಿ ಹೊಳೆಯುತ್ತದೆ. ಆ ನೀಲಿ, ತೊಗಟೆಯಲ್ಲಿರುವ ಮಲೇರಿಯಾದ ಔಷಧ ಕ್ವಿನೈನಿನದು. ಎಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಹಳತಾಗಿಲ್ಲ, ನಿಮ್ಮ ಪ್ರಯೋಗಾಲಯದಲ್ಲಿ ಅವಕಾಶವಿದ್ದರೆ ತಪ್ಪದೆ ಮಾಡಿ ನೋಡಿ.

ಇವುಗಳ ಬಳಿಕ ತೆಳುಪದರ ಕ್ರೊಮ್ಯಾಟೊಗ್ರಫಿಯಲ್ಲಿ ಅಂಶಗಳನ್ನು ಪಟ್ಟೆಪಟ್ಟೆಯಾಗಿ ಬಿಡಿಸಿ ಅಸಲಿ ಮಾದರಿಯೊಂದಿಗೆ ಹೋಲಿಸುತ್ತಾರೆ, ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆಯೂ ಉಂಟು. ತೇವಾಂಶ, ಬೂದಿಯ ಪ್ರಮಾಣ, ಸೀಸ ಮತ್ತು ಪಾದರಸದಂಥ ಲೋಹಗಳು, ಕೀಟನಾಶಕದ ಉಳಿಕೆ, ಬೂಷ್ಟಿನ ವಿಷ ಇವುಗಳ ಪರೀಕ್ಷೆ ಪ್ರತ್ಯೇಕ.

ಇಷ್ಟೆಲ್ಲ ಏಕೆ ಎಂದು ಬೇಸರಪಡುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಬೆಲ್ಜಿಯಂನ ಘಟನೆಯನ್ನು. 1990ರ ದಶಕದ ಆರಂಭದಲ್ಲಿ ಅಲ್ಲಿ ಮೈ ಇಳಿಸುವ ಚಿಕಿತ್ಸೆಗೆಂದು ಕೊಟ್ಟ ಕ್ಯಾಪ್ಸೂಲುಗಳಲ್ಲಿ ‘ಹಾನ್ ಫಾಂಗ್ ಜಿ’ ಎಂಬ ಚೀನೀ ಬೇರು ಇರಬೇಕಿತ್ತು. ಅದರ ಬದಲು, ಹೆಚ್ಚುಕಡಿಮೆ ಅದೇ ಹೆಸರಿನ ‘ಗುವಾಂಗ್ ಫಾಂಗ್ ಜಿ’ ಸೇರಿಹೋಯಿತು. ಮೊದಲನೆಯದು ಸ್ಟೆಫಾನಿಯಾ ಕುಲದ ಬಳ್ಳಿ, ಎರಡನೆಯದು ಅರಿಸ್ಟೊಲೋಕಿಯಾ. ಎರಡನೆಯದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಅವರಲ್ಲಿ ಹಲವರಿಗೆ ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ ಅನಿವಾರ್ಯವಾಯಿತು, ಕೆಲವರಲ್ಲಿ ಮುಂದೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಹೆಸರಿನ ಗೊಂದಲವನ್ನು ಪರೀಕ್ಷೆಯೊಂದು ಹಿಡಿದಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ಆದ್ದರಿಂದ ಚೀಲದ ಮೇಲಿನ ಹೆಸರನ್ನು ನಂಬಿ ಸರಕನ್ನು ಒಳಗೆ ಬಿಡುವ ಅಭ್ಯಾಸವನ್ನು ನೀವು ಎಂದೂ ಬೆಳೆಸಿಕೊಳ್ಳಬೇಡಿ.

ಪ್ರಶ್ನೆ: ಔಷಧಕ್ಕಾಗಿ ಮರಗಿಡಗಳನ್ನು ಕಡಿಯುತ್ತಾ ಹೋದರೆ ಅವು ಉಳಿಯುವವೇ? ಅದೇ ಅಣುವನ್ನು ಕೃತಕವಾಗಿ ತಯಾರಿಸಬಾರದೇ? (ಪರಿಸರಾಸಕ್ತರೊಬ್ಬರು)

ಉತ್ತರ: ನಿಮ್ಮ ಆತಂಕ ನಿಜವಾದದ್ದು. ಮೇಲೆ ಹೇಳಿದ ಪ್ಯಾಕ್ಲಿಟಾಕ್ಸೆಲ್ ಮೊದಲು ದೊರೆತದ್ದು ಪೆಸಿಫಿಕ್ ಯೂ ಎಂಬ, ಬಹಳ ನಿಧಾನವಾಗಿ ಬೆಳೆಯುವ ಮರದ ತೊಗಟೆಯಿಂದ. 1962ರಲ್ಲಿ ಅಮೆರಿಕದಲ್ಲಿ ಅದರ ಮಾದರಿ ಸಂಗ್ರಹಿಸಿದರು, 1971ರಲ್ಲಿ ಅಣುವಿನ ರಚನೆ ಪ್ರಕಟವಾಯಿತು, 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ತೊಗಟೆ ಸುಲಿದರೆ ಮರ ಸಾಯುತ್ತದೆ, ಒಂದು ಕಿಲೋ ಔಷಧಕ್ಕೆ ಹಲವು ಟನ್ ತೊಗಟೆ ಬೇಕಾಗುತ್ತಿತ್ತು. ರೋಗಿಯ ಜೀವ ಒಂದು ಕಡೆ, ಕಾಡು ಇನ್ನೊಂದು ಕಡೆ ನಿಂತಂತಾಯಿತು. ಅಣು ಎಷ್ಟು ಜಟಿಲವೆಂದರೆ ಆರಂಭದಿಂದ ಕೊನೆಯವರೆಗೆ ಪ್ರಯೋಗಾಲಯದಲ್ಲಿ ಕಟ್ಟುವುದು ಸಾಧ್ಯವಾದರೂ ಉತ್ಪಾದನೆಗೆ ಒಗ್ಗುವಂಥದ್ದಲ್ಲ. ದಾರಿ ತೋರಿದ್ದು ಅದರ ಯುರೋಪಿನ ದಾಯಾದಿ ಮರ. ಅದರ ಸೂಜಿಯಂಥ ಎಲೆಗಳಲ್ಲಿ ಅರ್ಧ ಸಿದ್ಧವಾದ ಅಣುವೊಂದು ದೊರೆಯುತ್ತದೆ, ಎಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಉಳಿದರ್ಧವನ್ನು ರಸಾಯನಶಾಸ್ತ್ರಜ್ಞರು ಪೂರ್ಣಗೊಳಿಸುತ್ತಾರೆ. ಈಗ ಯೂ ಮರದ ಜೀವಕೋಶಗಳನ್ನು ತೊಟ್ಟಿಗಳಲ್ಲಿ ಬೆಳೆಸಿಯೂ ಅದನ್ನು ಪಡೆಯುತ್ತಾರೆ.

ಕಾಶಿ ಕಣಗಿಲೆಯ ಕಥೆ ಇನ್ನೂ ಮುಗಿದಿಲ್ಲ. ರಕ್ತದ ಕ್ಯಾನ್ಸರಿನಿಂದ ಬಳಲುವ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಮತ್ತು ಅದರ ಜೊತೆಗಾರ ವಿನ್‌ಬ್ಲಾಸ್ಟಿನ್ ಈ ಗಿಡದವು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕೆಂಬ ಲೆಕ್ಕವಿದೆ. 2022ರಲ್ಲಿ ಸಂಶೋಧಕರು ಗಿಡದ ವಂಶವಾಹಿಗಳನ್ನು ಯೀಸ್ಟ್‌ಗೆ ಸೇರಿಸಿ ಈ ಔಷಧದ ಎರಡು ಮೂಲಾಂಶಗಳನ್ನು ಪಡೆದಿದ್ದಾರೆ, ಪ್ರಮಾಣ ಮಾತ್ರ ಅತ್ಯಲ್ಪ. ಅಣು ಒಂದೇ ಆಗಿದ್ದರೆ ಅದು ಎಲೆಯಿಂದ ಬಂತೋ ತೊಟ್ಟಿಯಿಂದ ಬಂತೋ ಎಂಬ ಭೇದ ದೇಹಕ್ಕಿಲ್ಲ. ಆದರೂ ಗಿಡ ಉಳಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಅಣುವೊಂದು ಇರಬಹುದೆಂದು ಯಾವ ರಸಾಯನಶಾಸ್ತ್ರಜ್ಞನೂ ತಾನಾಗಿ ಊಹಿಸಿರಲಿಲ್ಲ.

ಪ್ರಶ್ನೆ: ಮಲೇರಿಯಾದ ಆರ್ಟಿಮಿಸಿನಿನ್ ಔಷಧ ಗಿಡದಿಂದ ಬಂದದ್ದೆಂದು ಓದಿದೆ. ಹಾಗಾದರೆ ಆ ಗಿಡದ ಎಲೆಯ ಕಷಾಯವನ್ನೇ ಕುಡಿಯಬಹುದೇ? ವೈದ್ಯರು ಕೊಟ್ಟ ಮಾತ್ರೆಗಳ ಜೊತೆಗೆ ಗಿಡಮೂಲಿಕೆಯ ಕ್ಯಾಪ್ಸೂಲ್ ತೆಗೆದುಕೊಂಡರೆ ತೊಂದರೆಯಿಲ್ಲವಷ್ಟೆ? (ಇಬ್ಬರು ಓದುಗರು)

ಉತ್ತರ: ಕಷಾಯ ಬೇಡ. ಚೀನಾದ ವಿಜ್ಞಾನಿ ತು ಯುಯು ಅವರ ಪ್ರಯೋಗಗಳಲ್ಲಿ ಆರ್ಟಿಮಿಸಿಯಾ ಆನ್ಯುವಾ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ತಮ್ಮ ಗ್ರಂಥದಲ್ಲಿ ಈ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಲು ಹೇಳಿದ್ದರೇ ಹೊರತು ಕುದಿಸಲು ಹೇಳಿರಲಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಕುದಿತವೇ ಔಷಧವನ್ನು ಕೆಡಿಸುತ್ತಿರಬಹುದೆಂದು ಊಹಿಸಿ, 35 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುವ ಈಥರ್ ದ್ರಾವಕವನ್ನು ಬಳಸಿದಾಗ ಸಾರ ಸತತವಾಗಿ ಕೆಲಸ ಮಾಡಿತು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎಲೆಯ ಕಷಾಯದಲ್ಲಿ ಔಷಧದ ಪ್ರಮಾಣ ಕಡಿಮೆ, ಪ್ರತಿ ಸಲವೂ ಬೇರೆ. ಅರೆಬರೆ ಪ್ರಮಾಣದಿಂದ ಜ್ವರ ತಾತ್ಕಾಲಿಕವಾಗಿ ಇಳಿದು ರೋಗಾಣು ಉಳಿದುಬಿಡುವ, ಔಷಧಕ್ಕೆ ಒಗ್ಗಿಕೊಳ್ಳುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಮಲೇರಿಯಾಕ್ಕೆ ಈ ಗಿಡವನ್ನು ನೇರವಾಗಿ ಬಳಸುವುದನ್ನು ಬೆಂಬಲಿಸುವುದಿಲ್ಲ.

ಎರಡನೆಯ ಪ್ರಶ್ನೆಗೂ ನನ್ನ ಉತ್ತರ ಅಷ್ಟೇ ಖಚಿತ: ಕೇಳದೆ ಸೇರಿಸಬೇಡಿ. ಮನಸ್ಸಿನ ಬೇಸರಕ್ಕೆಂದು ಹಲವು ದೇಶಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಅದರಿಂದ ಗರ್ಭನಿರೋಧಕ ಮಾತ್ರೆಗಳು ನಿಷ್ಫಲವಾಗಬಹುದು, ಅಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೊಸ್ಪೊರಿನ್ ರಕ್ತದಲ್ಲಿ ಕುಸಿದು ಕಸಿಮಾಡಿದ ಅಂಗವನ್ನು ದೇಹ ತಿರಸ್ಕರಿಸಬಹುದು. ಮೂಲಿಕೆ ಕೆಟ್ಟದೆಂದಲ್ಲ, ಅದೂ ಔಷಧವೇ ಎಂಬುದೇ ಇಲ್ಲಿನ ತೊಡಕು. ವೈದ್ಯರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳಿದಾಗ ಅನೇಕರು ಮೂಲಿಕೆಯ ಹೆಸರು ಹೇಳುವುದಿಲ್ಲ, ಅದು ಔಷಧವೆಂದು ಅವರಿಗೆ ಅನಿಸಿಯೇ ಇರುವುದಿಲ್ಲ. ಮುಂದಿನ ಭೇಟಿಗೆ ಹೋಗುವಾಗ ಆ ಕ್ಯಾಪ್ಸೂಲಿನ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರ ವಿವರಪಟ್ಟಿಯನ್ನು ಅವರಿಗೆ ತೋರಿಸಿ.