ಗ್ರಂಥಋಣದಲ್ಲಿ ಜಾಲತಾಣಗಳ ವಿಳಾಸ

ಪ್ರಶ್ನೆ: ಮಾನ್ಯರೇ, ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ. ಮಹಾಪ್ರಬಂಧ ಬರೆಯುತ್ತಿದ್ದೇನೆ. ಶಾಸನ ಸಂಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ, ಹಿಂದಿನ ಮಹಾಪ್ರಬಂಧಗಳನ್ನು ಶೋಧಗಂಗಾದಲ್ಲಿ, ಕೆಲವು ವಿವರಗಳನ್ನು ಕನ್ನಡ ವಿಕಿಪೀಡಿಯದಲ್ಲಿ ಓದಿದ್ದೇನೆ. ಗ್ರಂಥಋಣದ ಕೊನೆಯಲ್ಲಿ ‘ಅಂತರ್ಜಾಲ ಆಕರಗಳು’ ಎಂದು ಬರೆದು ಲಿಂಕುಗಳನ್ನು ಒಂದರ ಕೆಳಗೊಂದು ಕೊಟ್ಟರೆ ಸಾಕೇ? ಕನ್ನಡ ಪುಟಗಳ ಲಿಂಕು ಅಂಟಿಸಿದರೆ ಬರೀ ಶೇಕಡಾ ಚಿಹ್ನೆಗಳು ತುಂಬಿಕೊಳ್ಳುತ್ತವೆ, ಏನು ಮಾಡಲಿ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಲದು. ‘ಗೂಗಲ್’ ಎಂದಷ್ಟೇ ಬರೆದಿದ್ದ ಗ್ರಂಥಋಣವನ್ನೂ ನಾನು ನೋಡಿದ್ದೇನೆ. ಬರೀ ಲಿಂಕುಗಳ ಪಟ್ಟಿ ಅದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಬರೆದವರು ಯಾರು, ಶೀರ್ಷಿಕೆ ಏನು, ಪ್ರಕಟವಾದದ್ದು ಯಾವಾಗ ಎಂಬ ವಿವರಗಳು ಮೊದಲು ಬಂದು, ವಿಳಾಸ ಕೊನೆಯಲ್ಲಿ ಬರಬೇಕು. ವಿಳಾಸ ನಾಳೆ ಕೆಟ್ಟುಹೋದರೂ ಉಳಿದ ವಿವರಗಳ ಬಲದಿಂದ ಓದುಗರು ಆ ಬರಹವನ್ನು ಹುಡುಕಿಕೊಳ್ಳಬಲ್ಲರು. ಜಾಲದ ಆಕರಗಳಿಗೆ ಪ್ರತ್ಯೇಕ ವಿಭಾಗ ಬೇಕೆಂದು ನಿಮ್ಮ ವಿಶ್ವವಿದ್ಯಾಲಯವೇ ವಿಧಿಸಿಲ್ಲವಾದರೆ, ಅವನ್ನು ಪುಸ್ತಕಗಳ ಜೊತೆಗೇ ಅಕಾರಾದಿಯಲ್ಲಿ ಸೇರಿಸಿ.

ಶಾಸನ ಸಂಪುಟಗಳ ವಿಷಯ ಬೇರೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ನೀವು ಪರದೆಯ ಮೇಲೆ ಓದಿದ್ದರೂ ಅದು ಅಚ್ಚಾದ ಪುಸ್ತಕವೇ. ಆದ್ದರಿಂದ ಸಂಪುಟ, ಮುದ್ರಣದ ವರ್ಷ, ಶಾಸನದ ಸಂಖ್ಯೆ ಮತ್ತು ಅಚ್ಚಿನ ಪುಟಸಂಖ್ಯೆಯನ್ನೇ ಕೊಡಿ. ಪರದೆಯ ಮೇಲೆ ಕಾಣುವ ಪುಟದ ಎಣಿಕೆಯಲ್ಲಿ ರಕ್ಷಾಪುಟ, ಮುನ್ನುಡಿಗಳೂ ಸೇರಿರುವುದರಿಂದ ಅದು ಅಚ್ಚಿನ ಸಂಖ್ಯೆಗೆ ತಾಳೆಯಾಗುವುದಿಲ್ಲ. ತಪ್ಪುಗಳು ಹೆಚ್ಚಾಗಿ ನುಸುಳುವುದು ಇಲ್ಲಿಯೇ.

ಶೋಧಗಂಗಾದಲ್ಲಿ ಪ್ರತಿ ಮಹಾಪ್ರಬಂಧಕ್ಕೂ 10603 ಎಂದು ಮೊದಲಾಗುವ ಸ್ಥಿರ ಗುರುತಿನ ಸಂಖ್ಯೆ ಇರುತ್ತದೆ. ತೆರೆದುಕೊಂಡ ಪಿಡಿಎಫ್ ಕಡತದ ಉದ್ದನೆಯ ವಿಳಾಸವನ್ನು ಬಿಟ್ಟು ಅದನ್ನು ಬಳಸಿ. ನಿಯತಕಾಲಿಕಗಳ ಲೇಖನಕ್ಕೆ ಡಿಒಐ (ಲೇಖನದ ಸ್ಥಿರ ಡಿಜಿಟಲ್ ಗುರುತಿನ ಸಂಖ್ಯೆ) ಇದ್ದರೆ ವಿಳಾಸದ ಜಾಗದಲ್ಲಿ ಅದೊಂದೇ ಸಾಕು.

ಇನ್ನು ಶೇಕಡಾ ಚಿಹ್ನೆಗಳು. ವಿಳಾಸದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಡಿಸಿಕೊಳ್ಳುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ (್) ಸೇರಿ ಐದು ಸಂಕೇತಗಳಿವೆ; ಹೀಗಾಗಿ ಅದೊಂದೇ ಪದ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಅಚ್ಚಿನಲ್ಲಿ ಅದನ್ನು ಯಾರೂ ನೋಡಿಕೊಂಡು ಟೈಪ್ ಮಾಡಲಾರರು. ಆ ಭಾಗವನ್ನು ಕನ್ನಡ ಅಕ್ಷರಗಳಲ್ಲೇ ಬರೆಯಿರಿ, ಬ್ರೌಸರ್ ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ. ವಿಕಿಪೀಡಿಯದ ಲೇಖನ ತಿದ್ದುಪಡಿಯಾಗುತ್ತಲೇ ಇರುವುದರಿಂದ ನೀವು ಓದಿದ ಆವೃತ್ತಿಯ ಸಂಖ್ಯೆಯಿರುವ ಕೊಂಡಿಯನ್ನು ಕೊಡಿ. ಆ ಲೇಖನವೇ ಒಂದು ಪುಸ್ತಕವನ್ನು ಆಧರಿಸಿದ್ದರೆ ಆ ಪುಸ್ತಕವನ್ನು ತೆರೆದು ನೋಡಿ, ಅದನ್ನೇ ಉಲ್ಲೇಖಿಸಿ.

ಪುಟವನ್ನು ನೋಡಿದ ದಿನಾಂಕವನ್ನು, ಆಕರಗಳನ್ನು ಉಲ್ಲೇಖಿಸುವ ಪದ್ಧತಿಗಳಲ್ಲಿ ಒಂದಾದ ಎಂಎಲ್‌ಎ ಶೈಲಿ 2016ರ ಎಂಟನೆಯ ಆವೃತ್ತಿಯಿಂದ ಐಚ್ಛಿಕವಾಗಿಸಿದೆ. ಅಂಥದೇ ಇನ್ನೊಂದು ಪದ್ಧತಿಯಾದ ಎಪಿಎ ಶೈಲಿಯ ಏಳನೆಯ ಆವೃತ್ತಿ ಬದಲಾಗುತ್ತಿರುವ ಪುಟಗಳಿಗೆ ಮಾತ್ರ ಅದನ್ನು ಕೇಳುತ್ತದೆ. ಆದರೂ ಕನ್ನಡದ ಜಾಲತಾಣಗಳ ಮಟ್ಟಿಗೆ ಅದನ್ನು ಬಿಡಬೇಡಿರೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಒಬ್ಬಿಬ್ಬರ ಆಸಕ್ತಿಯಿಂದ ನಡೆಯುತ್ತಿದ್ದ ಎಷ್ಟೋ ಒಳ್ಳೆಯ ತಾಣಗಳು ನಿಂತುಹೋಗಿವೆ. ಅಂಥ ಪುಟವನ್ನು ಓದಿದ ದಿನವೇ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಉಳಿಸಿ, ಮೂಲ ವಿಳಾಸದ ಪಕ್ಕದಲ್ಲಿ ಉಳಿಸಿದ ಪ್ರತಿಯ ವಿಳಾಸವನ್ನೂ ಬರೆಯಿರಿ.